ವರ್ತುಲ ರಸ್ತೆಯಲ್ಲಿ ಬಸ್ಸೋ, ಸ್ವಂತ ಗಾಡಿಯೋ: ಬಾಗಿಲಿನಿಂದ ಕುರ್ಚಿಯವರೆಗೆ ಒಂದು ಲೆಕ್ಕ

ಸಿಲ್ಕ್‌ಬೋರ್ಡ್‌ನಿಂದ ಕೆ.ಆರ್. ಪುರದವರೆಗಿನ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಬೆಳಗ್ಗೆ ಒಂಬತ್ತಕ್ಕೆ ಕಾರು, ಬಸ್ಸು, ಟೆಂಪೊ ಎಲ್ಲವೂ ಒಂದೇ ವೇಗದಲ್ಲಿ ತೆವಳುತ್ತವೆ. ಮುಂದಿನ ಗಾಡಿ ಸರಿದರೆ ತಾನೇ ಹಿಂದಿನದು ಸರಿಯುವುದು. ಹಾಗಾಗಿ ಬಸ್ಸಿಗೂ ಸ್ವಂತ ಗಾಡಿಗೂ ಇರುವ ಅಂತರವನ್ನು ರಸ್ತೆಯ ಮೇಲೆ ಹುಡುಕಿದರೆ ಸಿಗುವುದು ಕಡಿಮೆ. ಮನೆಗೆ ಬೀಗ ಹಾಕಿದ ಹೊತ್ತಿನಿಂದ ಆಫೀಸಿನ ಕುರ್ಚಿಯಲ್ಲಿ ಕೂರುವ ಹೊತ್ತಿನವರೆಗೆ ಗಡಿಯಾರ ನೋಡಬೇಕು. ಹಾಗೆ ನೋಡಿದಾಗ ಬಸ್ಸು ಒಗ್ಗುತ್ತದೋ ಇಲ್ಲವೋ ಎಂಬುದು ದೂರಕ್ಕಿಂತ ಹೆಚ್ಚಾಗಿ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ದಾರಿಯಲ್ಲಿ ಎಷ್ಟು ಸಲ ಬಸ್ಸು ಬದಲಾಯಿಸಬೇಕು?

ಒಂದು ಕಡೆಗೆ 15 ಕಿ.ಮೀ. ಎಂದಿಟ್ಟುಕೊಳ್ಳಿ. ದಟ್ಟಣೆಯ ಹೊತ್ತಲ್ಲಿ ಕಾರು ರಸ್ತೆಯ ಮೇಲೆ ಒಂದು ಗಂಟೆ ತೆಗೆದುಕೊಳ್ಳುತ್ತದೆ ಎಂದುಕೊಳ್ಳೋಣ. ಬಸ್ಸೂ ಅದೇ ದಟ್ಟಣೆಯಲ್ಲೇ ಹೋಗಬೇಕು, ಜೊತೆಗೆ ದಾರಿಯುದ್ದಕ್ಕೂ ಇಪ್ಪತ್ತರಿಂದ ಇಪ್ಪತ್ತೈದು ಕಡೆ ನಿಲ್ಲಬೇಕು. ಒಂದೊಂದು ಸ್ಟಾಪಿಗೆ ಅರ್ಧ ನಿಮಿಷ ಹಿಡಿದರೆ ಹತ್ತು ಹನ್ನೆರಡು ನಿಮಿಷ. ಮನೆಯಿಂದ ಸ್ಟಾಪಿಗೆ ನಡೆಯಲು ಆರು, ಬಸ್ಸಿಗೆ ಕಾಯಲು ಎಂಟು, ಇಳಿದ ಮೇಲೆ ನಡೆಯಲು ಐದು. ಕಾರಿನ ಕಡೆಯೂ ಒಂದು ಬಾಕಿ ಇದೆ. ಟೆಕ್ ಪಾರ್ಕಿನ ಗೇಟಿನಲ್ಲಿ ಸಾಲು, ನೆಲಮಾಳಿಗೆಗೆ ಇಳಿದು ಜಾಗ ಹುಡುಕುವುದು, ಅಲ್ಲಿಂದ ಲಿಫ್ಟು, ಎಲ್ಲ ಸೇರಿ ಏಳೆಂಟು ನಿಮಿಷ. ಕೂಡಿಸಿ ಕಳೆದರೆ ನೇರ ಬಸ್ಸು ಕಾರಿಗಿಂತ ಇಪ್ಪತ್ತೈದು ನಿಮಿಷದ ಆಸುಪಾಸು ತಡ. ಒಮ್ಮೆ ಬಸ್ಸು ಬದಲಾಯಿಸಬೇಕಾದರೆ ಇನ್ನೂ ಹತ್ತು ಹದಿನೈದು ನಿಮಿಷ ಸೇರಿಸಿ. ಎರಡು ಸಲವಾದರೆ ದಿನಕ್ಕೆ ಒಂದೂವರೆ ಗಂಟೆ ಹೆಚ್ಚಾಗಿ ಹೋಗುತ್ತದೆ. ಅಂಥವರಿಗೆ ಬಸ್ಸು ಹತ್ತಿ ಎಂದು ಯಾರೂ ಉಪದೇಶ ಮಾಡಬಾರದು.

ಸ್ಕೂಟರಿನ ಲೆಕ್ಕವೇ ಬೇರೆ. ಸಂದಿಯಲ್ಲಿ ನುಗ್ಗಿ ಹೋಗುವ ಸ್ಕೂಟರ್ ಇದೇ ದಾರಿಯನ್ನು ನಲವತ್ತು ನಲವತ್ತೈದು ನಿಮಿಷದಲ್ಲಿ ಮುಗಿಸುತ್ತದೆ. ಸಮಯವೊಂದನ್ನೇ ನೋಡುವವರಿಗೆ ಬಸ್ಸು ಅದರ ಮುಂದೆ ನಿಲ್ಲುವುದಿಲ್ಲ.

ಹಣದ ವಿಷಯದಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲಿಯೇ. 2025ರ ಜನವರಿಯಲ್ಲಿ ನಗರ ಸಾರಿಗೆ ಸಂಸ್ಥೆ ಬಿಎಂಟಿಸಿಯ ದರ ಶೇ. 15ರಷ್ಟು ಏರಿತು. ಸಾಮಾನ್ಯ ಬಸ್ಸಿನ ಕನಿಷ್ಠ ಟಿಕೆಟ್ 5ರಿಂದ 6 ರೂಪಾಯಿಗೆ ಬಂತು. ದಿನದ ಪಾಸು 80, ವಾರದ್ದು 350, ತಿಂಗಳದ್ದು 1,200 ಆಯಿತು. ಎಸಿ ವಜ್ರದ ದಿನದ ಪಾಸು 140, ತಿಂಗಳದ್ದು 2,000. ಈಗ ತಿಂಗಳಿಗೆ 22 ದಿನ ಆಫೀಸು ಎಂದು ಹಿಡಿಯಿರಿ. ಟಿಕೆಟ್ 28 ರೂಪಾಯಿ ಆದರೆ ಹೋಗಿಬರಲು 56, ತಿಂಗಳಿಗೆ 1,232. ಪಾಸು ತೆಗೆದರೆ ಉಳಿಯುವುದು ಬರೀ 32 ರೂಪಾಯಿ. ಟಿಕೆಟ್ 23 ಆದರೆ ತಿಂಗಳಿಗೆ 1,012 ಮಾತ್ರ, ಆಗ ಪಾಸು ನಷ್ಟ. ನೇರ ಬಸ್ಸಿದ್ದು ವಾರಾಂತ್ಯದಲ್ಲಿ ಎಲ್ಲಿಗೂ ಹೋಗದವರು ಪಾಸು ಮಾಡಿಸುವ ಮೊದಲು ಈ ಗುಣಾಕಾರ ಮಾಡಲೇಬೇಕು. ಬಸ್ಸು ಬದಲಾಯಿಸುವವರಿಗೆ ಮಾತ್ರ ಪಾಸು ಕಣ್ಣು ಮುಚ್ಚಿಕೊಂಡು ಲಾಭ, ಯಾಕೆಂದರೆ ಇಳಿದು ಹತ್ತಿದಾಗಲೆಲ್ಲ ಹೊಸ ಟಿಕೆಟ್ ಕೊಳ್ಳಬೇಕು. ಪಾಸಿನ ಇನ್ನೊಂದು ಗುಣ ದುಡ್ಡಿಗೆ ಸಂಬಂಧಿಸಿದ್ದಲ್ಲ. ಪಾಸು ಕೈಯಲ್ಲಿದ್ದರೆ ನಿಮ್ಮ ದಿಕ್ಕಿಗೆ ಹೋಗುವ ಯಾವ ಬಸ್ಸನ್ನಾದರೂ ಹತ್ತಬಹುದು, ಎರಡು ಸ್ಟಾಪು ಮುಂದೆ ಇಳಿದು ಬೇರೆಯದನ್ನು ಹಿಡಿಯಬಹುದು. ಕಾಯುವುದು ಕಡಿಮೆಯಾಗುತ್ತದೆ.

ಕಾರಿನ ಪಕ್ಕದ ಲೆಕ್ಕ ನೋಡಿ. ಸಣ್ಣ ಪೆಟ್ರೋಲ್ ಕಾರು ಹೆದ್ದಾರಿಯಲ್ಲಿ 18 ಕೊಟ್ಟರೂ ಬೆಳಗಿನ ವರ್ತುಲ ರಸ್ತೆಯಲ್ಲಿ ಲೀಟರಿಗೆ 11 ಕಿ.ಮೀ. ಕೊಟ್ಟರೆ ಹೆಚ್ಚು. ನಿಂತಲ್ಲೇ ಎಸಿ ಹಾಕಿಕೊಂಡು ಎಂಜಿನ್ ಓಡುತ್ತಿದ್ದರೂ ಗಂಟೆಗೆ ಮುಕ್ಕಾಲು ಲೀಟರ್ ಆಸುಪಾಸು ಸುಡುತ್ತದೆ. ದಿನಕ್ಕೆ 30 ಕಿ.ಮೀ.ಗೆ ಸುಮಾರು 2.7 ಲೀಟರ್. ಲೀಟರಿಗೆ 103 ರೂಪಾಯಿ ಹಿಡಿದರೆ ದಿನಕ್ಕೆ 280, ತಿಂಗಳಿಗೆ 6,200ರ ಹತ್ತಿರ. ಇದು ಬರೀ ಪೆಟ್ರೋಲು. ಇದರ ಮೇಲೆ ಕ್ಲಚ್ಚಿದೆ. ಒಂದು ಗಂಟೆಯ ತೆವಳಾಟದಲ್ಲಿ ಎಡಗಾಲು ನೂರಾರು ಸಲ ಕ್ಲಚ್ ತುಳಿಯುತ್ತದೆ, ಬಹಳಷ್ಟು ಸಲ ಅರ್ಧಕ್ಕೇ ಹಿಡಿದಿರುತ್ತದೆ. ಹಾಫ್ ಕ್ಲಚ್ಚಿನಲ್ಲಿ ಪ್ಲೇಟು ಪೂರ್ತಿ ಕೂರದೆ ಉಜ್ಜುತ್ತಾ ಬಿಸಿಯಾಗುತ್ತದೆ. ಆದ್ದರಿಂದಲೇ ಊರ ದಾರಿಯಲ್ಲಿ ಲಕ್ಷ ಕಿ.ಮೀ. ಬಾಳುವ ಪ್ಲೇಟು ಇಲ್ಲಿ ಅದರ ಅರ್ಧಕ್ಕೇ ಬದಲಾವಣೆ ಕೇಳಬಹುದು. ವಿಮೆ, ಸರ್ವಿಸು, ಟೈರು ಇವನ್ನೆಲ್ಲ ಗಾಡಿ ಮನೆಯಲ್ಲಿದ್ದರೂ ಕಟ್ಟಬೇಕಲ್ಲ ಎನ್ನುವುದು ನಿಜ. ಆದರೆ ಸರ್ವಿಸು ಮತ್ತು ಟೈರು ಓಡಿದಷ್ಟೂ ಹತ್ತಿರ ಬರುತ್ತವೆ.

ಸ್ಕೂಟರಿಗೆ ಲೀಟರಿಗೆ 40 ಹಿಡಿದರೆ ದಿನಕ್ಕೆ ಮುಕ್ಕಾಲು ಲೀಟರ್, ತಿಂಗಳಿಗೆ 1,700. ಬಸ್ ಪಾಸಿಗೂ ಅದಕ್ಕೂ ಅಂತರ 500 ರೂಪಾಯಿ. ಆಯಿಲ್, ಬ್ರೇಕ್ ಶೂ, ಟೈರು ಸೇರಿಸಿದರೆ ಇನ್ನೊಂದಿಷ್ಟು. ಹಣ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಸ್ಕೂಟರ್ ಬಿಟ್ಟು ಬಸ್ಸು ಹತ್ತಿದವರು ಮೂರನೇ ವಾರಕ್ಕೆ ಮತ್ತೆ ಸ್ಕೂಟರ್ ತೆಗೆಯುತ್ತಾರೆ. ಬೆನ್ನು, ಧೂಳು, ಮಳೆ, ಬೀಳುವ ಭಯ ಇವನ್ನು ಲೆಕ್ಕಕ್ಕೆ ತಂದುಕೊಂಡವರು ಮಾತ್ರ ಉಳಿಯುತ್ತಾರೆ.

ಹೆಣ್ಣುಮಕ್ಕಳಿಗೆ ಈ ಲೆಕ್ಕವೇ ಬೇಡ. 2023ರ ಜೂನ್ 11ರಿಂದ ರಾಜ್ಯ ಸರ್ಕಾರದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು. ವಜ್ರಕ್ಕೆ, ವಿಮಾನ ನಿಲ್ದಾಣಕ್ಕೆ ಹೋಗುವ ವಾಯುವಜ್ರಕ್ಕೆ ಇದು ಅನ್ವಯಿಸದು. ಶೂನ್ಯ ಟಿಕೆಟ್ಟನ್ನು ಮಾತ್ರ ಕೇಳಿ ಪಡೆಯಲೇಬೇಕು. ತನಿಖೆಯವರು ಹತ್ತಿದಾಗ ತೋರಿಸಲು ಅದು ಬೇಕು, ಸರ್ಕಾರ ಸಂಸ್ಥೆಗೆ ಹಣ ತುಂಬಿಕೊಡುವುದೂ ಆ ಟಿಕೆಟ್ಟುಗಳ ಲೆಕ್ಕದ ಮೇಲೆಯೇ. ತಿಂಗಳ ಖರ್ಚಿನಿಂದ ಸಾವಿರದ ಚಿಲ್ಲರೆ ರೂಪಾಯಿ ಪೂರ್ತಿ ಅಳಿಸಿಹೋಗುವುದು ಕಡಿಮೆ ಸಂಬಳದ ಮನೆಯಲ್ಲಿ ಎಷ್ಟು ದೊಡ್ಡದು ಎಂದು ಬಿಡಿಸಿ ಹೇಳಬೇಕಿಲ್ಲ.

ಬಸ್ಸಿನ ದೊಡ್ಡ ತೊಂದರೆ ದರವಲ್ಲ, ರಶ್ಶೂ ಅಲ್ಲ. ಅರ್ಧ ಗಂಟೆ ಒಂದೂ ಬಾರದೆ, ಆಮೇಲೆ ಒಂದೇ ನಂಬರಿನ ಮೂರು ಬಸ್ಸು ಬೆನ್ನಿಗೆ ಬೆನ್ನು ಹಚ್ಚಿ ಬರುವುದು. ಡ್ರೈವರುಗಳು ಬೇಕೆಂದೇ ಹೀಗೆ ಮಾಡುತ್ತಾರೆ ಎಂದು ಸ್ಟಾಪಿನಲ್ಲಿ ನಿಂತವರು ಬೈಯುತ್ತಾರೆ. ಆದರೆ ಯಾರ ತಪ್ಪೂ ಇಲ್ಲದೆಯೇ ಇದು ತಾನಾಗಿ ಆಗುವಂಥದ್ದು. ಹತ್ತತ್ತು ನಿಮಿಷಕ್ಕೆ ಒಂದರಂತೆ ಬಸ್ಸುಗಳು ಹೊರಟಿವೆ ಎಂದುಕೊಳ್ಳಿ. ಮೊದಲ ಬಸ್ಸು ಒಂದು ಸಿಗ್ನಲ್ಲಿನಲ್ಲಿ ಸಿಕ್ಕಿ ಮೂರು ನಿಮಿಷ ತಡವಾಯಿತು. ಮುಂದಿನ ಸ್ಟಾಪಿನಲ್ಲಿ ಹತ್ತು ನಿಮಿಷದ ಜನರ ಬದಲು ಹದಿಮೂರು ನಿಮಿಷದ ಜನ ನಿಂತಿರುತ್ತಾರೆ. ಅವರೆಲ್ಲ ಹತ್ತಲು ಇನ್ನಷ್ಟು ಹೊತ್ತು ಬೇಕು. ಹಾಗೆ ಸ್ಟಾಪಿನಿಂದ ಸ್ಟಾಪಿಗೆ ತಡ ಬೆಳೆಯುತ್ತಾ ಹೋಗುತ್ತದೆ. ಅದರ ಹಿಂದಿನ ಬಸ್ಸಿಗೆ ಪ್ರತಿ ಸ್ಟಾಪಿನಲ್ಲೂ ಏಳು ನಿಮಿಷದ ಜನ ಮಾತ್ರ ಸಿಗುತ್ತಾರೆ, ಬೇಗ ಬೇಗ ಹತ್ತಿಸಿಕೊಂಡು ಅದು ಮುಂದಿನದನ್ನು ಹಿಡಿದೇ ಬಿಡುತ್ತದೆ. ಹತ್ತು ನಿಮಿಷಕ್ಕೊಂದು ಸರಿಯಾಗಿ ಬಂದರೆ ಸರಾಸರಿ ಕಾಯುವುದು ಐದು ನಿಮಿಷ. ಅದೇ ಬಸ್ಸುಗಳು ಇಪ್ಪತ್ತು ನಿಮಿಷಕ್ಕೆ ಎರಡೆರಡು ಜೋಡಿಯಾಗಿ ಬಂದರೆ ಸರಾಸರಿ ಹತ್ತು ನಿಮಿಷ. ಬಸ್ಸಿನ ಸಂಖ್ಯೆ ಅಷ್ಟೇ, ಕಾಯುವುದು ಎರಡರಷ್ಟು.

ಇದರಿಂದ ಪ್ರಯಾಣಿಕರಿಗೆ ಸಿಗುವ ಉಪಾಯ ಒಂದೇ. ಬಹಳ ಹೊತ್ತಿನ ಮೇಲೆ ಬಾಗಿಲಲ್ಲಿ ಜೋತಾಡುವಷ್ಟು ತುಂಬಿ ಬಂದ ಬಸ್ಸಿನ ಹಿಂದೆ ಅದೇ ದಿಕ್ಕಿನದು ಇನ್ನೊಂದು ಇರುವ ಸಂಭವ ಹೆಚ್ಚು. ಎರಡು ಮೂರು ನಿಮಿಷ ತಡೆದರೆ ಅರ್ಧ ಖಾಲಿ ಬಸ್ಸು ಸಿಗಬಹುದು, ಅದು ಆ ತುಂಬಿದ ಬಸ್ಸಿಗಿಂತ ಮೊದಲೇ ತಲುಪುವುದೂ ಉಂಟು. ಬಿಎಂಟಿಸಿಯ ಆಪಿನಲ್ಲಿ ಹಿಂದೆ ಇನ್ನೊಂದು ಕಾಣಿಸಿದರೆ ಮಾತ್ರ ಈ ಧೈರ್ಯ ಮಾಡಿ. ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿನಲ್ಲಿ, ಎಂದರೆ ಸುಮಾರು ಒಂದೂವರೆಯಿಂದ ಮೂರರವರೆಗೆ, ಬಂದದ್ದನ್ನು ಹತ್ತಿಬಿಡಿ. ಆಗ ಅನೇಕ ಬಸ್ಸುಗಳು ಡಿಪೋ ಕಡೆ ಮುಖ ಮಾಡಿರುತ್ತವೆ.

ಬಸ್ಸುಗಳನ್ನು ಕಾರುಗಳ ಸಾಲಿನಿಂದ ಬೇರೆ ಮಾಡುವುದೇ ಇದಕ್ಕೆ ಇರುವ ದೊಡ್ಡ ಮದ್ದು. 2019ರಲ್ಲಿ ಇದೇ ರಸ್ತೆಯಲ್ಲಿ ಬಸ್ಸಿಗೇ ಮೀಸಲಾದ ಲೇನು ಗುರುತಿಸಿ ಗೂಟಗಳನ್ನು ನೆಟ್ಟಿದ್ದರು. ಆಮೇಲೆ ಮೆಟ್ರೊ ಕಾಮಗಾರಿ ಬಂದು ಲೇನು ಕಳೆದುಹೋಯಿತು. ಅರವತ್ತು ಜನ ಕಾರಿನಲ್ಲಿ ಹೋಗಬೇಕಾದರೆ, ಕಾರಿಗೆ ಸರಾಸರಿ ಒಂದೂವರೆ ಮಂದಿ ಎಂದು ಹಿಡಿದರೂ, ನಲವತ್ತು ಕಾರು ಬೇಕು. ಗಾಡಿಗೆ ನಾಲ್ಕು ಮೀಟರ್, ನಡುವೆ ಎರಡು ಮೀಟರ್ ಸಂದು ಎಂದರೆ 240 ಮೀಟರ್ ಉದ್ದದ ಸಾಲು. ಅದೇ ಜನಕ್ಕೆ ಹನ್ನೆರಡು ಮೀಟರಿನ ಒಂದು ಬಸ್ಸು ಸಾಕು. ಆ ಲೇನು ಮರಳಿ ಬರಲೇಬೇಕು. ಮೇಲೆ ಹೇಳಿದ ಇಪ್ಪತ್ತೈದು ನಿಮಿಷದ ತಡವನ್ನು ತಲೆಕೆಳಗು ಮಾಡಬಲ್ಲದ್ದು ಅದೊಂದೇ.

ಇನ್ನು ಸೀಟು. ಎಪ್ಪತ್ತು ನಿಮಿಷ ಕೂತು ಹೋಗುವುದಕ್ಕೂ ಕಂಬಿ ಹಿಡಿದು ನಿಂತು ಹೋಗುವುದಕ್ಕೂ ಅಜಗಜಾಂತರ. ಕೂತರೆ ಓದಬಹುದು, ನಿದ್ದೆ ಮಾಡಬಹುದು, ಬೆಳಗಿನ ಮೇಲ್‌ಗಳನ್ನು ಮುಗಿಸಬಹುದು. ಆಗ ಕಾರಿಗಿಂತ ಹೆಚ್ಚಾದ ಇಪ್ಪತ್ತೈದು ನಿಮಿಷ ನಷ್ಟವೆನಿಸದು, ಸ್ಟೀರಿಂಗ್ ಹಿಡಿದವನ ಒಂದು ಗಂಟೆ ಪೂರ್ತಿ ಖರ್ಚಾಗಿರುತ್ತದೆ. ನಿಂತರೆ ಆ ಲಾಭ ಏನೂ ಇಲ್ಲ. ಹಾಗಾಗಿ ಬಸ್ಸು ಹೊರಡುವ ಜಾಗ ಹತ್ತಿರವಿದ್ದರೆ, ಹತ್ತು ನಿಮಿಷ ಹಿಂದಕ್ಕೆ ಹೋಗಿಯಾದರೂ ಅಲ್ಲೇ ಹತ್ತುವುದು ವಾಸಿ. ಬನಶಂಕರಿ ಬಸ್ ನಿಲ್ದಾಣದಿಂದ ಹೊರಡುವ ಬಸ್ಸಿಗೆ ಸಿಲ್ಕ್‌ಬೋರ್ಡ್‌ನಲ್ಲಿ ಕಾಯುವವರಿಗೆ ಸೀಟಿನ ಆಸೆ ಇರುವುದಿಲ್ಲ. ಬೆಳಗ್ಗೆ ಎಂಟರೊಳಗೆ ಅಥವಾ ಹತ್ತೂವರೆಯ ಮೇಲೆ ಹೋಗಲು ಆಫೀಸಿನಲ್ಲಿ ಒಪ್ಪುವುದಾದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಯಾವ ಸೀಟು ಎಂಬುದೂ ಮುಖ್ಯ. ಬೆಳಗ್ಗೆ ಸಿಲ್ಕ್‌ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ, ಎಂದರೆ ಬಡಗು ದಿಕ್ಕಿಗೆ ಹೋಗುವಾಗ ಬಿಸಿಲು ಬಲಗಡೆ. ಸಂಜೆ ಹಿಂತಿರುಗುವಾಗ ಪಡುವಣದ ಬಿಸಿಲು ಮತ್ತೆ ಬಲಗಡೆಗೇ. ಎರಡೂ ಹೊತ್ತು ಎಡಗಡೆಯ ಕಿಟಕಿಯೇ ತಂಪು. ಹಿಂದಿನ ಚಕ್ರದ ಮೇಲೆ ಮತ್ತು ಅದರ ಹಿಂದಿನ ಸೀಟುಗಳಲ್ಲಿ ಹಂಪು ಬಂದಾಗಲೆಲ್ಲ ಬೆನ್ನಿಗೆ ಪೆಟ್ಟು. ಸೊಂಟ ನೋವಿರುವವರು ಎರಡು ಚಕ್ರಗಳ ನಡುವಿನ ಸೀಟು ನೋಡಿಕೊಳ್ಳಬೇಕು. ಹೊಸ ವಿದ್ಯುತ್ ಬಸ್ಸುಗಳು ಹತ್ತಲು ತಗ್ಗು, ಗಿಯರಿನ ಜಗ್ಗಾಟವಿಲ್ಲ, ವಯಸ್ಸಾದವರಿಗೆ ಬಹಳ ಅನುಕೂಲ. ಸದ್ದೂ ಇಲ್ಲದೆ ಬರುವುದರಿಂದ ಸ್ಟಾಪಿನಲ್ಲಿ ಫೋನು ನೋಡುತ್ತಾ ನಿಂತರೆ ತಪ್ಪಿಹೋಗುತ್ತದೆ.

ನಂಬರು ಓದುವುದನ್ನು ಕಲಿಯಬೇಕು. ವರ್ತುಲ ರಸ್ತೆಯ ಬಸ್ಸುಗಳು 500ರ ಮನೆತನ. 500ಡಿ ಹೆಬ್ಬಾಳಕ್ಕೂ ಸಿಲ್ಕ್‌ಬೋರ್ಡ್‌ಗೂ ನಡುವೆ ಓಡುತ್ತದೆ. ನಂಬರಿನ ಹಿಂದೆ ಬರುವ ಅಕ್ಷರ ಬದಲಾದರೆ ದಾರಿಯ ಒಂದು ತುದಿಯೋ ತಿರುವೋ ಬದಲಾಯಿತು ಎಂದರ್ಥ. ಸಿಲ್ಕ್‌ಬೋರ್ಡ್‌ನಿಂದ ಬೆಳ್ಳಂದೂರಿಗೆ ಹೋಗುವವರು ಅಕ್ಷರ ನೋಡಿ ಬಿಡುವುದು ಬೇಡ, 500ರದ್ದು ಬಹುಮಟ್ಟಿಗೆ ಯಾವುದಾದರೂ ಆದೀತು. ಮಾರತ್ತಹಳ್ಳಿ ದಾಟುವವರು ಮಾತ್ರ ಬೋರ್ಡು ಓದಲೇಬೇಕು, ಕೆಲವು ಅಲ್ಲಿಂದ ವೈಟ್‌ಫೀಲ್ಡಿನ ಟೆಕ್ ಪಾರ್ಕ್ ಐಟಿಪಿಎಲ್ ಕಡೆ ತಿರುಗುತ್ತವೆ. ಮುಂದೆ ‘ವಿ’ ಇದ್ದರೆ ವಜ್ರ, ‘ಕೆಐಎ’ ಇದ್ದರೆ ವಿಮಾನ ನಿಲ್ದಾಣದ್ದು, ‘ಎಂಎಫ್’ ಇದ್ದರೆ ಮೆಟ್ರೊ ಫೀಡರ್, ಎಂದರೆ ಮೆಟ್ರೊ ನಿಲ್ದಾಣಕ್ಕೆ ಜನರನ್ನು ಮುಟ್ಟಿಸುವ ಬಸ್ಸು. ಸಾಮಾನ್ಯ ಬಸ್ಸಿನ ಪಾಸು ವಜ್ರದಲ್ಲಿ ನಡೆಯುವುದಿಲ್ಲ. ಹೊಸಬರು ಇದರಲ್ಲಿ ಒಮ್ಮೆಯಾದರೂ ಎಡವುತ್ತಾರೆ.

ದೊಡ್ಡ ಜಂಕ್ಷನ್ನುಗಳಲ್ಲಿ ಸ್ಟಾಪಿನ ಹೆಸರು ಒಂದೇ, ಸ್ಟಾಪುಗಳು ಹಲವು. ಸಿಲ್ಕ್‌ಬೋರ್ಡ್‌ನಲ್ಲಿ ಎಚ್‌ಎಸ್‌ಆರ್ ಕಡೆಗೆ ನಿಲ್ಲುವ ಜಾಗ ಬೇರೆ, ಹೊಸೂರು ರಸ್ತೆಯದು ಬೇರೆ, ಬಿಟಿಎಂ ಕಡೆಯದು ಬೇರೆ. ಹೆಬ್ಬಾಳದಲ್ಲೂ ಹಾಗೆಯೇ. ಒಂದರಿಂದ ಇನ್ನೊಂದಕ್ಕೆ ನಡೆದು ರಸ್ತೆ ದಾಟಲು ಐದರಿಂದ ಹತ್ತು ನಿಮಿಷ ಹಿಡಿಯುತ್ತದೆ. ಬೆಳಗಿನ ಸ್ಟಾಪು ಮನೆ ಕಡೆಗಿದ್ದರೆ ಸಂಜೆಯದು ರಸ್ತೆಯ ಆಚೆ. ಸ್ಕೈವಾಕಿನ ಮೆಟ್ಟಿಲು ಹತ್ತಿ ಇಳಿಯುವ ಹೊತ್ತನ್ನೂ ಲೆಕ್ಕಕ್ಕೆ ಹಾಕಿ. ಮಂಡಿ ನೋವಿರುವವರಿಗೆ ಬಸ್ಸು ಬೇಡವೆನಿಸುವುದು ಇಲ್ಲಿಯೇ, ಬಸ್ಸಿನೊಳಗಲ್ಲ.

ನಮ್ಮ ಬಿಎಂಟಿಸಿ ಆಪಿನಲ್ಲಿ ಬಸ್ಸು ಎಲ್ಲಿದೆ ಎಂದು ನೋಡಬಹುದು. ಪರದೆಯ ಮೇಲಿನ ಎಲ್ಲ ಬಸ್ಸನ್ನೂ ನಂಬಬೇಡಿ. ಒಂದು ನಿಮಿಷ ಬಿಟ್ಟು ಮತ್ತೆ ನೋಡಿ. ಗುರುತು ನಿಮ್ಮ ಕಡೆಗೆ ಸರಿದಿದ್ದರೆ ಅದು ನಿಜವಾದ ಬಸ್ಸು. ಇದ್ದಲ್ಲೇ ಇದ್ದರೆ ದಟ್ಟಣೆಯಲ್ಲಿ ಸಿಕ್ಕಿರಬಹುದು, ಟ್ರಿಪ್ ಮುಗಿಸಿ ನಿಂತಿರಲೂಬಹುದು. ಅದನ್ನು ನಂಬಿ ಬೇರೆ ಬಸ್ಸು ಬಿಡಬಾರದು.

ಬಸ್ಸಿನೊಳಗೆ ಚಿಲ್ಲರೆಯ ಕಷ್ಟ ಈಗ ಕಡಿಮೆಯಾಗಿದೆ. ಕಂಡಕ್ಟರ್ ಕೊರಳಿಗೆ ಹಾಕಿಕೊಂಡ ಕ್ಯುಆರ್ ಕೋಡಿಗೆ ಫೋನು ಹಿಡಿದರೆ ಆಯಿತು. ಆದರೆ ರಶ್ಶಿನಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಹಣ ಹೋಗಿದೆಯೋ ಇಲ್ಲವೋ ತಿಳಿಯದೆ ಇಬ್ಬರೂ ಫೋನು ನೋಡುತ್ತಾ ನಿಲ್ಲಬೇಕಾಗುತ್ತದೆ, ಅಷ್ಟರಲ್ಲಿ ಮುಂದಿನ ಸ್ಟಾಪಿನ ಜನ ಹತ್ತಿರುತ್ತಾರೆ. ಜೇಬಿನಲ್ಲಿ ನಾಲ್ಕೈದು ಹತ್ತರ ನೋಟು ಇಟ್ಟುಕೊಳ್ಳುವುದು ಕಂಡಕ್ಟರಿಗೂ ಉಪಕಾರ. ದೊಡ್ಡ ನೋಟು ಕೊಟ್ಟರೆ ಬಾಕಿಯನ್ನು ಟಿಕೆಟ್ಟಿನ ಹಿಂದೆ ಪೆನ್ನಿನಲ್ಲಿ ಬರೆದುಕೊಡುತ್ತಾರೆ. ಆ ಚೀಟಿಯನ್ನು ಕೈಯಲ್ಲೇ ಹಿಡಿದುಕೊಳ್ಳಿ, ಇಳಿಯುವ ಎರಡು ಸ್ಟಾಪು ಮೊದಲೇ ಕೇಳಿ. ಬಾಗಿಲಲ್ಲಿ ನಿಂತು ಕೇಳಿದರೆ ಕಂಡಕ್ಟರ್ ಬಸ್ಸಿನ ಇನ್ನೊಂದು ತುದಿಯಲ್ಲಿರುತ್ತಾರೆ. “ಒಳಗಡೆ ಹೋಗಿ ಸಾರ್, ಮಧ್ಯೆ ಖಾಲಿ ಇದೆ” ಎಂದು ಅವರು ಕೂಗುವುದು ಸುಮ್ಮನೆ ಅಲ್ಲ. ಬಾಗಿಲ ಹತ್ತಿರ ಹತ್ತು ಜನ ಗುಂಪು ಕಟ್ಟಿದರೆ ಪ್ರತಿ ಸ್ಟಾಪಿನಲ್ಲೂ ಹತ್ತು ಹದಿನೈದು ಸೆಕೆಂಡು ಹೆಚ್ಚು ಹೋಗುತ್ತದೆ. ಇಪ್ಪತ್ತು ಸ್ಟಾಪಿಗೆ ಅದು ಮೂರರಿಂದ ಐದು ನಿಮಿಷ.

ಸ್ವಂತ ಗಾಡಿಯೇ ಸರಿ ಎನ್ನುವ ಸಂದರ್ಭಗಳೂ ಇವೆ. ಮಗುವನ್ನು ಶಾಲೆಗೆ ಬಿಟ್ಟು ಆಫೀಸಿಗೆ ಹೋಗುವವರಿಗೆ, ಆಸ್ಪತ್ರೆಗೆ ಓಡಾಡುವ ಹಿರಿಯರಿರುವ ಮನೆಗೆ, ರಾತ್ರಿ ಹತ್ತರ ಮೇಲೆ ಪಾಳಿ ಮುಗಿಯುವವರಿಗೆ ಬಸ್ಸು ಆಧಾರವಾಗದು. ರಾತ್ರಿ ಒಂಬತ್ತರ ನಂತರ ಬಸ್ಸು ವಿರಳವಾಗುತ್ತದೆ, ಒಂದು ತಪ್ಪಿದರೆ ಮುಂದಿನದು ಯಾವಾಗಲೋ. ಸ್ಟಾಪಿನಿಂದ ಮನೆವರೆಗಿನ ಕತ್ತಲ ದಾರಿಯೂ ಇದೆ. ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾದರೂ ಆ ಕೊನೆಯ ಅರ್ಧ ಕಿಲೋಮೀಟರಿಗೆ ಆಟೊ ಹಿಡಿಯಬೇಕಾದರೆ ಉಳಿತಾಯ ಅಲ್ಲೇ ಸೋರಿಹೋಗುತ್ತದೆ.

ಎರಡನ್ನೂ ಬೆರೆಸುವ ದಾರಿಯನ್ನು ಜನ ಕಡಿಮೆ ಬಳಸುತ್ತಾರೆ. ಮನೆಯಿಂದ ಎರಡು ಮೂರು ಕಿ.ಮೀ. ಸ್ಕೂಟರಿನಲ್ಲಿ ಹೋಗಿ, ಪಾರ್ಕಿಂಗ್ ಇರುವ ಬಿಎಂಟಿಸಿ ನಿಲ್ದಾಣದಲ್ಲಿ ಅದನ್ನು ನಿಲ್ಲಿಸಿ, ಅಲ್ಲಿಂದ ನೇರ ಬಸ್ಸು ಹಿಡಿಯುವುದು. ಒಂದು ಬದಲಾವಣೆ ತಪ್ಪುತ್ತದೆ, ಹೊರಡುವ ಜಾಗದಲ್ಲೇ ಹತ್ತುವುದರಿಂದ ಸೀಟೂ ಸಿಗುತ್ತದೆ. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ತೆರೆದ ಮೇಲೆ ಸಿಲ್ಕ್‌ಬೋರ್ಡ್‌ವರೆಗೆ ಮೆಟ್ರೊ, ಅಲ್ಲಿಂದ 500ರ ಬಸ್ಸು ಎಂಬ ಜೋಡಣೆಯೂ ಸಾಧ್ಯವಾಗಿದೆ. ಆದರೆ ಮೆಟ್ರೊ ಟಿಕೆಟ್ಟಿಗೂ ಬಸ್ ಪಾಸಿಗೂ ಬೇರೆ ಬೇರೆ ದುಡ್ಡು. ಎರಡನ್ನೂ ಕೂಡಿಸಿ ನೋಡದೆ ಹೊರಡಬೇಡಿ.

ತೀರ್ಮಾನಕ್ಕೆ ಮೊದಲು ಒಂದು ವಾರ ಪರೀಕ್ಷೆ ಮಾಡಿ. ತಿಂಗಳ ಪಾಸು ಬೇಡ, 350ರ ವಾರದ ಪಾಸು ಸಾಕು. ಪ್ರತಿ ದಿನ ಐದು ಹೊತ್ತು ಬರೆದುಕೊಳ್ಳಿ: ಬೀಗ ಹಾಕಿದ್ದು, ಸ್ಟಾಪು ತಲುಪಿದ್ದು, ಬಸ್ಸು ಹತ್ತಿದ್ದು, ಇಳಿದದ್ದು, ಕುರ್ಚಿಯಲ್ಲಿ ಕೂತದ್ದು. ಸೀಟು ಸಿಕ್ಕಿತೋ ಇಲ್ಲವೋ ಎಂದೂ ಪಕ್ಕದಲ್ಲಿ ಗುರುತು ಹಾಕಿ. ಸಂಜೆಯದನ್ನೂ ಬರೆಯಿರಿ, ಹೆಚ್ಚಿನವರು ಬೆಳಗಿನದನ್ನಷ್ಟೇ ನೋಡಿ ಮೋಸ ಹೋಗುತ್ತಾರೆ. ಮೂರು ದಿನ ಕಾಯುವುದು ಹದಿನೈದು ನಿಮಿಷ ದಾಟಿದರೆ ಹೊರಡುವ ಹೊತ್ತನ್ನು ಇಪ್ಪತ್ತು ನಿಮಿಷ ಹಿಂದೆಯೋ ಮುಂದೆಯೋ ತಳ್ಳಿ ಇನ್ನೆರಡು ದಿನ ನೋಡಿ. ನಡುವೆ ಒಂದು ಸಂಜೆ ಮಳೆ ಬಂದರೆ ಆ ದಿನವನ್ನು ಬಿಡಬೇಡಿ. ಬಸ್ಸು ಎಷ್ಟು ತಡವಾಯಿತು ಎಂದು ಬರೆಯಿರಿ, ಅದೇ ಸಂಜೆ ಸ್ಕೂಟರಿನವರು ಅಗರದ ಫ್ಲೈಓವರ್ ಕೆಳಗೆ ಎಷ್ಟು ಹೊತ್ತು ನಿಂತಿದ್ದರು ಎಂದು ಆಫೀಸಿನಲ್ಲಿ ಯಾರನ್ನಾದರೂ ಕೇಳಿ ಪಕ್ಕದ ಸಾಲಿನಲ್ಲಿ ಸೇರಿಸಿ.